ಹಾಜರಿ

ಬೆಳಿಗ್ಗೆ ಒಂಬತ್ತಕ್ಕೆ ಒಂದು ಫೋಟೊ, ಮಧ್ಯಾಹ್ನ ಎರಡಕ್ಕೆ ಇನ್ನೊಂದು.
ಕಾಯಕಬಂಧು ಗಾಮಪ್ಪ ಮೊಬೈಲು ಎತ್ತುತ್ತಾನೆ,
ನಾವು ಹದಿನಾಲ್ಕು ಹೆಂಗಸರು ಸೊಂಟದ ತನಕ ಕೆರೆಯೊಳಗೆ ನಿಂತು
ಕಣ್ಣು ಕಿರಿದು ಮಾಡುತ್ತೇವೆ.
ಹಿಂದೆ ಕೆರೆ ಕಾಣಿಸುವುದಿಲ್ಲ.
ಗದ್ದೆ ಅಂದುಕೊಂಡಾರು ನೋಡಿದವರು.

ಅಂತರಗಂಗೆ ಅನ್ನುತ್ತಾರೆ ಇದಕ್ಕೆ.
ಹೆಸರಿಟ್ಟವರು ಒಮ್ಮೆ ಅಡಿಗೆ ಕೈ ಹಾಕಬೇಕಿತ್ತು:
ಮೇಲೆ ಗಂಗೆ, ಕೆಳಗೆ
ಮುಚ್ಚಿಟ್ಟು ಮರೆತ ಹಂಡೆ.

ಒಂದು ಬುಡ ಕಿತ್ತರೆ ಅದರ ತಂತು ಹಿಡಿದು ಏಳು ಬುಡ ಬರುತ್ತವೆ,
ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ.
ದ್ಯಾವಮ್ಮ ನಗಿಸುತ್ತಾಳೆ:
'ಕಾಡಿಗೆ ಹೋದ್ರೆ ಕಮ್ಯುನಿಸ್ಟ್ ಗಿಡ, ದಾರಿ ಬದಿ ಕಾಂಗ್ರೆಸ್ ಗಿಡ,
ಕೆರೇಲಿ ಈ ಗಂಗವ್ವ. ಊರಿಗೆ ನಾವ್ಯಾರೇ?'

ಹೋದ ವರ್ಷ ಕೆರೆಬೇಟೆಯ ದಿನ
ಏಳೂರಿನ ಕೂಣಿ ಒಟ್ಟಿಗೆ ಇಳಿದವು.
ಕೂಣಿಯ ಬಾಯೊಳಗೆ ಕೈ ಬಿಟ್ಟವರಿಗೆ ಸಿಕ್ಕಿದ್ದು ಬೇರು, ಬೇರು,
ಆಮೇಲೆ ಮೀಸೆಯ ಆ ಕರಿ ಕ್ಯಾಟ್‌ಫಿಶ್ಶು, ಮೊಣಕೈ ಉದ್ದ.
ಹೊಟ್ಟೆ ಸೀಳಿದರೆ ಅದರೊಳಗಿತ್ತು
ನಾವು ಹುಡುಕಿಕೊಂಡು ಬಂದಿದ್ದ ಮೀನು.

ಸಾಲಿನ ತುದಿಯಲ್ಲಿ ನಾನು ಮಾತಾಡುವುದಿಲ್ಲ.

ಹದಿಮೂರು ವರ್ಷದ ಹಿಂದೆ, ಸೊರಬದ ಸಂತೆಯಲ್ಲಿ
ಬಕೆಟ್ಟಿನೊಳಗೆ ತೇಲುತ್ತಿದ್ದ ಮೂರು ಗಿಡ. ನೇರಳೆ ಹೂವು,
ಮೇಲಿನ ಎಸಳಲ್ಲಿ ನವಿಲಿನ ಕಣ್ಣು.
ಹತ್ತು ರೂಪಾಯಿ. ಬಳೆಗೆಂದು ಇಟ್ಟುಕೊಂಡಿದ್ದ ದುಡ್ಡು.
ಬಾಗಿಲ ಮುಂದಿಟ್ಟೆ. ಕೇರಿಯೆಲ್ಲ ನೋಡಲು ಬಂತು.
ಬೇಸಿಗೆಯಲ್ಲಿ ಬಕೆಟ್ಟು ಸೀಳಿತು.
ಸಾಯಲು ಬಿಡಬೇಕಿತ್ತು. ಪಾಪ ಅನಿಸಿತು.
ಸೆರಗಿನಲ್ಲಿ ಸುತ್ತಿ ತಂದು, ಇದೇ ಮೆಟ್ಟಿಲ ಬಳಿ,
ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ
ಮೆಲ್ಲಗೆ.

ಈಗ ಕಿತ್ತಿದ್ದಕ್ಕೆ ದಿನಗೂಲಿ. ನನ್ನ ಖಾತೆಗೇ.
ಎಂಜಿನಿಯರು ಅಳತೆಪಟ್ಟಿ ಬಿಡಿಸುತ್ತ ಕೇಳಿದರು:
'ಎಲ್ಲಿಂದ ಬಂತಮ್ಮ ಇದು?'
'ಹೊಳೇಲಿ ತೇಲಿ ಬಂದಿರ್ಬೇಕು,' ಯಾರೋ ಅಂದರು.
ಈ ಕೆರೆಗೆ ಹೊಳೆಯೇ ಇಲ್ಲ.
ನಾನು ಬುಡವೊಂದನ್ನು ಜೋರಾಗಿ ಎಳೆದೆ.

ಬೇರಿನ ಗಡ್ಡದಲ್ಲಿ ಸೀಗಡಿ ಮರಿ, ಉಗುರಿನಷ್ಟು,
ಆಚೆಯದು ಕಾಣುವಷ್ಟು ತೆಳ್ಳಗೆ, ಒದ್ದಾಡಿತು.
ಕೊಡವಿ ನೀರಿಗೆ ಬಿಡೋಣವೆಂದರೆ
ಯಾವ ನೀರಿಗೆ?
ಕಿತ್ತ ಜಾಗದಲ್ಲಿ ಕಂಬಳಿಯಗಲ ಬಯಲಾಗಿತ್ತು,
ಅಲ್ಲಿ ಮೋಡವೊಂದು ಬಂದು ಕೂತಿತ್ತು, ಎಷ್ಟು ವರ್ಷದ ಮೇಲೆ.
ಅಲ್ಲಿಗೇ ಬಿಟ್ಟೆ.

ದಡದ ಮೇಲಿನ ರಾಶಿ ಬಾಡುತ್ತ ಬಾಡುತ್ತಲೇ ಹೂ ಬಿಡುತ್ತಿದೆ.
'ಎರಡು ಗಂಟೆ ಆತು, ಈ ಕಡೆ ನೋಡ್ರೇ!'
ಗಾಮಪ್ಪ ಕೂಗಿದ.
ನೋಡಿದೆ.