ಡೋಣಿಯೊಳಗ ಮೂರು ದಿನ

ಟಂಟಂ ಕೀಲಿ ನನ್ನ ಕೈಯಾಗ ಇಟ್ಟು
ಜ್ವಾಳದ ಡಬ್ಬಿಯೊಳಗ ಹುಗಿದಿಡು ಅಂದ್ರು ಇವರು.
ನಾ ಕೇಳಿದ್ರೂ ಕೊಡಬ್ಯಾಡ, ಸೋಮವಾರದ ತನಕ.

ಹನ್ನೊಂದು ವರ್ಷ ಮಂದೀನ್ನ ಹೊತ್ತವರು,
ಬೆಟಗೇರಿಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿಂದ ದವಾಖಾನಿಗೆ,
ಲಗ್ನಕ್ಕ, ಮಣ್ಣಿಗೆ.
ಮಲಗಿದಾಗೂ ಬಲಗಾಲು ಬ್ರೇಕ್ ಹುಡುಕತಿತ್ತು,
ಸಿಕ್ಕಿದ್ದು ನನ್ನ ಮೊಣಕಾಲು.

ಶುಕ್ರವಾರ ಏಳೂಕಾಲಿನ ಬಸ್ಸಿಗೆ
ನಾವು ಮೂವರು, ಚೀಲ ಆರು.
ಒಂದರಾಗ ಒಲಿ, ಸಣ್ಣ ಸಿಲಿಂಡರು,
ಒಂದರಾಗ ಹಳೇ ಧೋತರದಾಗ ಸುತ್ತಿದ ಖಟಕ ರೊಟ್ಟಿ,
ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ, ಕಡ್ಲಿಹಿಟ್ಟು.
ಎಲ್ಲಾದರ ಮ್ಯಾಲ ಅಡ್ಡ ಕಟ್ಟಿದ್ದು
ಮೌಲಾನ ಗ್ಯಾರೇಜಿನಾಗ ನೀಲಿ ಬ್ಯಾರಲ್ ಸೀಳಿ
ಮೂತಿ ಕಾಸಿ ಬಗ್ಗಿಸಿದ ಉದ್ದನ್ನ ಪಟ್ಟಿ ನಾಕು.

ಇವೇನ್ರಿ, ಅಂದ ಕಂಡಕ್ಟರ್.
ಹಿಮದ ಮ್ಯಾಲ ಜಾರೂವು, ಅಂದ್ಲು ನನ್ನ ಮಗಳು ಭೂಮಿಕಾ,
ಮಾಸ್ತರಗ ಉತ್ತರ ಹೇಳಿದಂಗ.
ಅವ ಕಿಟಕಿ ಹೊರಗ ಎರಿಹೊಲ ನೋಡಿದ,
ಕಡ್ಲಿ ಹಸರಾಗಿತ್ತು,
ಸುಮ್ಮನ ಲಗೇಜಿನ ಟಿಕೀಟು ಹರದ.

ತಪ್ಪು ಆ ಗ್ಯಾರೇಜಿನ ಕ್ಯಾಲೆಂಡರಿನದು.
ಡಿಸೆಂಬರ್ ಹಾಳಿ, ಬೆಳ್ಳನ್ನ ಗುಡ್ಡ, ಕೆಂಪು ಟೊಪಗಿಯವ,
ಎರಡೂ ಕೈಯಾಗ ಕೋಲು.
ಮಾರ್ಚಿನಿಂದ ಈಕಿ ಆ ಹಾಳಿ ಎತ್ತಿ ಎತ್ತಿ ನೋಡಿದಾಕಿ.
ಹಿಮ ಎಲ್ಲಿಂದ ತರಲಿ ತಂಗೀ, ಅಂದಿದ್ರು ಅವರಪ್ಪ,
ಹುಲ್ಲು ನಡೀತೈತೇನು?

ಗುರಸಿದ್ದವ್ವನ ಹಿತ್ತಲ ಖೋಲಿ, ದಿನಕ್ಕ ಮುನ್ನೂರು.
ಅಡಿಗಿ ನಾ ಮಾಡಿಕೊಡ್ಲೇನವಾ ಅಂದ್ಲು.
ಬ್ಯಾಡ, ಇವರ ಮಾಡ್ತಾರು, ಅಂದೆ.
ಆಕಿ ನಕ್ಕಿದ್ದು ಓಣಿ ತುದಿಗೆ ಕೇಳಿಸಿರಬೇಕು.
ಝುಣಕ ಗಂಟಾತು. ಉಪ್ಪು ಬೆಟಗೇರಿಯಾಗ ಉಳದಿತ್ತು.
ದೀಪ ಹಚ್ಚಿದ ಮ್ಯಾಲ ಉಪ್ಪು ಕೊಡೂದಿಲ್ಲ ಅಂತ ಗುರಸಿದ್ದವ್ವ
ಒಂದು ಬಾಟ್ಲಿ ಲಿಂಬಿ ಉಪ್ಪಿನಕಾಯಿ ಕೊಟ್ಲು.
ಝುಣಕಕ್ಕ ಅದನ್ನ ಕಿವುಚಿ ಉಂಡ್ವಿ.
ನಾ ಮುಟ್ಟದ ಒಲಿ ಉಣಿಸಿದ ಊಟ,
ಸುಳ್ಳ್ಯಾಕ ಹೇಳ್ಲಿ, ಎರಡು ರೊಟ್ಟಿ ಹೆಚ್ಚಿಗಿ ತಿಂದೆ.

ಗುಡ್ಡದ ತುದಿಗೆ ಗಾಳಿ ಪಂಖಾ, ಸಾಲಾಗಿ.
ಇವೂ ದಿನಾ ತಿರುಗತಾವು, ಎಲ್ಲಿಗೂ ಮುಟ್ಟಂಗಿಲ್ಲ,
ಬಾಡಿಗಿ ಯಾರು ಕೊಡ್ತಾರೋ, ಅಂದ್ರು ಇವರು.

ಕೆಳಗ ಬಂಗಾರದ ಬಣ್ಣದ ಹುಲ್ಲು, ಒಣಗಿ ನುಣ್ಣಗ.
ಚಪ್ಪಲಿಗೆ ಪಟ್ಟಿ, ಪಟ್ಟಿಗೆ ಸೈಕಲ್ ಟ್ಯೂಬಿನ ಬಿಗಿ.
ಭೂಮಿಕಾ ಹತ್ತು ಮಾರು ಜಾರಿ ಬಿದ್ಲು,
ಜಡಿ ತುಂಬ ಹುಲ್ಲಿನ ಮುಳ್ಳು.
ಇವರು ಮೂರ ಮಾರು.
ಬಲಗಾಲು ಒತ್ತಿತು, ಮೂತಿ ನೆಲಕ್ಕ ನೆಟ್ಟಿತು,
ಹುಲ್ಲಿನಾಗ ಮುಖ.
ಮತ್ತ ಏರಿದ್ರು, ಮತ್ತ ಒತ್ತಿದ್ರು.
ಅಪ್ಪಾ, ಅಲ್ಲೇನೂ ಇಲ್ಲ,
ಕಾಲು ಬಿಟ್ಟುಬಿಡು.

ಮರುದಿನಾನೂ ಅಷ್ಟ.
ರವಿವಾರ ಹೊತ್ತು ಇಳಿಯೂ ಮುಂದ
ಮ್ಯಾಲಿನ ಬಂಡಿಯಿಂದ ಕೆಳಗಿನ ಬದುವಿನ ತನಕ
ಒಂದಽ ಉಸರಿನಾಗ ಬಂದ್ರು.
ಹೋ ಅಂತ ಒಂದು ದನಿ ಅವರ ಹಿಂದ ಬಂತು.
ಈ ದನಿ ಇಷ್ಟು ವರ್ಷ ಎಲ್ಲಿ ಇಟ್ಟಿದ್ರೋ,
ನಾನಂತೂ ಡಬ್ಬಿ ಒಳಗ ಹುಗಿದಿರಲಿಲ್ಲ.

ನಾ ಏನ ಮಾಡಿದೆ ಅಂತ ಕೇಳಬ್ಯಾಡ್ರಿ.
ಗೋಣಿತಟ್ಟಿನ ಮ್ಯಾಲ ಕುಂತೆ, ಸೆರಗು ಸಿಗಿಸಿ.
ಏಳು ಸಲ.

ಈಗ ಗಾಡಿ ಬೆಟಗೇರಿ ನಾಕಾದಾಗ ನಿಂತೈತಿ.
ಕೀಲಿ ತೂತಿನಾಗ ಸಿಕ್ಕ ಜ್ವಾಳದ ಕಾಳು ಹಂಗ ಐತಿ.
ರಾತ್ರಿ ಒದಿಕಿ ಒಮ್ಮೊಮ್ಮೆ ಬೀಳತೈತಿ, ಬೀಳಲಿ.
ಗುರಸಿದ್ದವ್ವನ ಬಾಟ್ಲಿ ತೊಳದು ಮಾಡದಾಗ ಇಟ್ಟೀನಿ,
ಬರಿದ ಕೊಡಬಾರದು.
ಏನ ತುಂಬೂದು ಅಂತ ಕೇಳಿದ್ರ
ಮಗಳು ಅಂತಾಳ, ಉಪ್ಪು.
ಮುಂಜಾನಿ ಬಸ್ಸಿಗೇ ಹೋಗಬೇಕು ಹಂಗಾರ,
ದೀಪ ಹಚ್ಚೂದರೊಳಗ.