ಕೀವು ಬಂದದ

ರಾತ್ರಿ ಎರಡೂ ಹತ್ತಕ್ಕ ಬಂತು ಶೀಶೆ,
ನೇರಳೆ ಮುಚ್ಚಳ, ಇನ್ನೂ ಬೆಚ್ಚಗ.
ಚೀಟಿ ಮ್ಯಾಲ: ಮೋನಪ್ಪ, ಏಳು ವರ್ಷ, ಮಕ್ಕಳ ವಾರ್ಡು.
ಮಶೀನು ಎಣಿಸಲಿಕ್ಕೆ ಒಲ್ಲೆ ಅಂತು.
ಗಾಜಿನ ಮ್ಯಾಲ ರಕ್ತ ಬಳದು, ಬಣ್ಣ ಹಾಕಿ,
ಫ್ಯಾನಿನ ಕೆಳಗ ಹಿಡದು ಆರಿಸಿ
ಕಣ್ಣಿಟ್ಟೆ.

ಏಪ್ರಿಲ್ ಮಧ್ಯಾಹ್ನದ ಸೂಪರ್ ಮಾರ್ಕೆಟ್ ರಸ್ತೆ.
ಒಂದು ಬಿಳಿ ಕಣ ಸಿಗಲಿಕ್ಕೆ
ಎಷ್ಟು ಸಲ ಗಾಜು ಸರಿಸಿದೆನೋ.
ಸಿಕ್ಕಿದ್ದೂ ನಾ ಹುಡುಕಿದ್ದಲ್ಲ, ಬ್ಯಾರೆ ನಮೂನಿದು.

ಬಾಗಲದಾಗ ಅವರಪ್ಪ,
ಶಹಾಬಾದ ಖಣಿಯಾಗ ಲಾರಿಗೆ ಏರಿದ ಫರ್ಸಿ ಲೆಕ್ಕ ಬರಿಯಾಂವ.
"ಎಷ್ಟಿರಬೇಕ್ರಿ ಮೇಡಮ್?"
"ಕಮ್ಮಿ ಅಂದ್ರೂ ಸಾವಿರದೈನೂರು."
"ಎಷ್ಟದಾವ?"
"ನಲವತ್ತು."
"ನಲವತ್ತು ಫರ್ಸಿಗೆ ಯಾರೂ ಲಾರಿ ತರೂದಿಲ್ಲ" ಅಂದ,
ನನಗಲ್ಲ, ಗ್ವಾಡಿಗೆ.

ಫೋನಿನಾಗ ಡಾಕ್ಟರ್ ನಸೀಮಾ ನಂಬರ್ ಕೇಳಿ ಸುಮ್ಮನಾದ್ರು.
ಮೂರು ದಿನ ಕಾದಿದ್ರು, ನೀರೂ ಕುಡಿಸದಂಗ, ಬರೇ ಬಾಟ್ಲಿ ಏರಿಸಿ.
ಇಂಥ ಹೊಟ್ಟಿ ಕೊಯ್ಯಬಾರದಂತ ಎಲ್ಲಾರಿಗೂ ಗೊತ್ತದ.
ಈಗ ಎಕ್ಸರೇದಾಗ ವಪೆ ಕೆಳಗ ಗಾಳಿ,
ಈದಿನ ಚಂದ್ರನಷ್ಟು ಸಣ್ಣ ಗೆರಿ.
ಕರುಳು ತೂತು ಬಿದ್ದದ.
"ಪ್ಲೇಟ್ಲೆಟ್ ಎಷ್ಟು ಚೀಲ ಅದಾವ?"
"ಎರಡು. ಇನ್ನೊಂದು ಬೀದರದಿಂದ ಬರ್ಲಾಕತ್ತದ."
"ಬರೂದು ಬರಲಿ. ನಾ ಕೈ ತೊಳಕೋತೀನಿ."

ಮುಂಜಾನಿ ಚಹಾ ಆರಿಸ್ಕೋತ ಹೇಳಿದ್ರು:
ಒಳಗ ಹೊಲಸಿತ್ತು, ಕಪ್ಪಾದ ಕರುಳಿತ್ತು.
ಕೀವಿರಲಿಲ್ಲ.
ಕೆಂಪಿಲ್ಲ, ಬಾವಿಲ್ಲ, ಜಗಳಾನೇ ಆಗಿರಲಿಲ್ಲ ಅಲ್ಲಿ.
ಕೀವಾಗಲಿಕ್ಕೂ, ನೋಡು,
ಮೈಯಾಗ ಜನ ಬೇಕು.

ದಿನಾ ಬಂತು ನೇರಳೆ ಮುಚ್ಚಳ.
ಮೂವತ್ತು. ಇಪ್ಪತ್ತು. ಒಂದಿನ ನಾ ಬರಿಯಲೇ ಇಲ್ಲ,
ಇನ್ನೊಂದು ಗಾಜು ಬಳದೆ.
ಅದೇ ಇಪ್ಪತ್ತು.

ಹನ್ನೊಂದನೇ ದಿನ
ಸಿಸ್ಟರ್ ಸುಗಲಾಬಾಯಿ ಚಪ್ಪಲಿ ಜಾರಿದ್ರೂ ನಿಲ್ಲದ ಬಂದಳು,
ಕೈಯಾಗಿನ ಹತ್ತಿಯೊಳಗ ಹಳದಿ ಹನಿ:
"ಹೊಲಿಗಿ ಕೆಂಪಗಾಗ್ಯದ. ಕೀವು ಬಂದದ!"
ನಾವಿಬ್ಬರೂ ನಕ್ಕಿವಿ.
ಹಿಂದೇ ಬಂದಿದ್ದ ಅವರವ್ವ ದ್ಯಾವಮ್ಮ ನಿಂತಲ್ಲೇ ನಿಂತಳು.
"ಕೀವು ಬಂದ್ರ ನಗತಾರೇನ್ರಿ, ನಿಮ್ಮ ಮಕ್ಕಳಿಗಾದ್ರ?"

ಹೆಂಗ ಹೇಳಬೇಕು.
ಸ್ಟೂಲ್ ಎಳದು ಕೂಡಿಸಿದೆ, ಒಂದು ಕಣ್ಣು ಮುಚ್ಚು ಅಂದೆ.
ಭಾಳ ಹೊತ್ತು ನೋಡಿದಳು.
"ಜ್ವಾಳದ ಅರಳಿದ್ದಂಗ ಅದಾವಲ್ರಿ."
ಹೌದು, ಅವೇ.
"ನಮ್ಮ ಹುಡುಗನ್ವಾ?"
ನಿಮ್ಮ ಹುಡುಗನ್ವೇ.
ರೋಗ ಹೋಗಿಲ್ಲ, ಸೂಜಿ ಇನ್ನೂ ಭಾಳ ಅದಾವ.
ಅದನ್ನ ನಸೀಮಾ ಹೇಳ್ತಾರ, ಆಮ್ಯಾಲ.
ಆಕಿ ತುಟಿಯೊಳಗೇ ಎಣಿಸಲಿಕತ್ತಿದ್ದಳು,
ಒಂದು, ಎರಡು, ಮೂರು,
ಲೆಕ್ಕ ತಪ್ಪಿ
ಮತ್ತ ಒಂದು.