ನಲವತ್ತೊಂದನೇ ಸಾಲು

ಇಲಾಖೆಯ ಎಣ್ಣೆ ಬಳಿದು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ
ಬಿಳಿ ಫ್ಲಾನಲ್ ಬಟ್ಟೆ ಎಳೆಯುತ್ತೇವೆ ದರಗಿನ ಮೇಲೆ,
ಹತ್ತು ಹೆಜ್ಜೆಗೊಮ್ಮೆ ನಿಂತು, ಮಗುಚಿ.
ಸಾಸಿವೆಗಿಂತ ಸಣ್ಣವು. ಚಿಮಟದಲ್ಲಿ ಎತ್ತಿ ಸೀಸೆಗೆ.
ಹಾಸನದ ಹುಡುಗ ನಿಂಫ್ ಎನ್ನುತ್ತಾನೆ.
ನಮ್ಮಲ್ಲಿ ಉಣುಗು.
ದನದ ಕಿವಿಯಿಂದ ಕಿತ್ತು ಕೆಂಡಕ್ಕೆ ಹಾಕಿದರೆ
ಚಟ್ ಅನ್ನುತ್ತಿತ್ತು. ಯಾರೂ ಎಣಿಸಿರಲಿಲ್ಲ.

ಎರಡು ತಿಂಗಳ ಬೇಸಿಗೆ ಸಂಶೋಧನೆ,
ಹಳ್ಳಿ ಕಾಲೇಜುಗಳ ಆರು ಜನಕ್ಕೆ.
ಅರ್ಜಿಯಲ್ಲೊಂದು ಪ್ರಶ್ನೆ: ಈ ವಿಷಯವೇ ಏಕೆ?
ಜೀವಶಾಸ್ತ್ರ ಇಷ್ಟ, ಎಂದು ಬರೆದಿದ್ದೆ.

ಮಧ್ಯಾಹ್ನ ಶಿವಮೊಗ್ಗದ ಲ್ಯಾಬಿನಲ್ಲಿ
ಹಳೆಯ ಕಡತ ಕಂಪ್ಯೂಟರಿಗೆ ಏರಿಸುವ ಕೆಲಸ.
ಹೆಸರಿಲ್ಲ, ಬರೀ ಅಂಕಿ.
ನಲವತ್ತೊಂದು:
ಗಂಡು, ಮೂವತ್ತೆಂಟು, ತೀರ್ಥಹಳ್ಳಿ ತಾಲ್ಲೂಕು,
ಜ್ವರ ಒಂಬತ್ತು ದಿನ, ವಸಡಿನಲ್ಲಿ ರಕ್ತ.
ಕಾಡಿಗೆ ಹೋದ ಕಾರಣ: ತಿಳಿದಿಲ್ಲ.

ಫ್ಯಾನು ತಿರುಗುತ್ತಿತ್ತು.
ಆ ತಾರೀಖು ನಮ್ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

'ಮೇಡಂ, ಇದು ತಿಳಿದಿಲ್ಲ ಅಲ್ಲ.
ದರಗು ಗುಡಿಸಿ ತರಲಿಕ್ಕೆ. ಕೊಟ್ಟಿಗೆಗೆ.'
ಫಿಲೋಮಿನಾ ಮೇಡಂ ಕನ್ನಡಕ ಮೇಲೇರಿಸಿದರು.
'ಯಾರು ಹೇಳಿದ್ದು? ಮೂಲ ಬೇಕಲ್ಲ.'
'ಇನ್ನೊಂದು ಬುಟ್ಟಿ ನನ್ನ ತಲೆಮೇಲಿತ್ತು.'

ಬಹಳ ಹೊತ್ತು ಅವರು ಕೀಲಿಮಣೆ ಮುಟ್ಟಲಿಲ್ಲ.
ಆಮೇಲೆ ಕೊನೆಯಲ್ಲಿ ಹೊಸ ಕಾಲಂ ತೆರೆದರು:
ಜೊತೆಗಿದ್ದವರು.
ಒಂದು, ಎಂದು ಒತ್ತಿದೆ.
ವಯಸ್ಸು ಹನ್ನೊಂದು.
ಜ್ವರ ಬರಲಿಲ್ಲ. ಯಾಕೋ ಬರಲಿಲ್ಲ.

ಮೇಲಿನ ನಲವತ್ತು ಚೌಕ ಖಾಲಿ.
ಹೆಸರಿನ ಪಟ್ಟಿ ಮೇಡಂ ಬೀರುವಿನಲ್ಲಿದೆ.
ಮನೆ ಮನೆಗೆ ಹೋಗಿ ಕೇಳಬೇಕು, ಕೂತು, ನೀರು ಕುಡಿದು.
ನಾಳೆ ಮೊದಲ ಬಸ್ಸು ಆರೂಕಾಲಿಗೆ.